ಚಂಪಿ ಹಾಕಿದ ಹೆಪ್ಪು

ನಮ್ಮ ಊರಿನಲ್ಲಿ ಹೊರಗಿನಿಂದ ಬಂದವರು ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ. ಹಾಲು ಹಾಲಾಗಿಯೇ ಉಳಿಯುತ್ತದೆ, ಮರುದಿನ ಹೊತ್ತೇರುವುದರೊಳಗೆ ಹಳಸುತ್ತದೆ, ಅಷ್ಟೆ. ಎಮ್ಮೆ ಯಾರದು, ಪಾತ್ರೆ ಯಾರದು, ಹೆಪ್ಪು ಯಾರ ಮನೆಯದು ಎಂಬುದು ಲೆಕ್ಕಕ್ಕಿಲ್ಲ. ಹೆಪ್ಪು ಬಿಟ್ಟ ಕೈ ಯಾರದು ಎಂಬುದೊಂದೇ ಲೆಕ್ಕ. ನಾನು ಎರಡು ಎಮ್ಮೆ ಕಟ್ಟಿಕೊಂಡು ಓಣಿಗೆ ಹಾಲು ಹಾಕುವವಳು. ಯಾವ ಮನೆಯಲ್ಲಿ ಮೊಸರಾಗುತ್ತದೆ, ಯಾವ ಮನೆಯಲ್ಲಿ ಆಗುವುದಿಲ್ಲ ಎಂದು ನನಗೆ ಗೊತ್ತಿರುವಷ್ಟು ಊರ ಗೌಡನಿಗೂ ಗೊತ್ತಿರಲಾರದು. ಗೊತ್ತಿದ್ದದ್ದನ್ನೆಲ್ಲ ಡಂಗುರ ಸಾರುತ್ತ ತಿರುಗುವ ಜಾತಿ ನನ್ನದಲ್ಲ.

ಅದೇನು ನನ್ನೊಬ್ಬಳ ದೊಡ್ಡತನವಲ್ಲ, ಓಣಿಯ ಮರ್ಯಾದೆಯೇ ಹಾಗಿದೆ. ಸಂಜೆ ಯಾರಾದರೂ ಬಟ್ಟಲಿನ ಮೇಲೆ ಸೆರಗು ಮುಚ್ಚಿಕೊಂಡು ಬಾಗಿಲಿಗೆ ಬಂದರೆ, ಯಾಕೆ ಏನು ಎಂದು ಕೇಳದೆ ಮೊಸರು ಹಾಕಿ ಕಳಿಸುತ್ತೇವೆ. ಹೊರಗಿನಿಂದ ತಂದ ಸೊಸೆಗೆ ಅತ್ತೆಯೇ ಕದ್ದು ಹೆಪ್ಪು ಹಾಕಿಟ್ಟು, "ನಮ್ಮ ಸೊಸಿ ಮೊಸರು ಚೂರಿಲೆ ಕೊಯ್ಯೂವಷ್ಟು ಗಟ್ಟಿ" ಎಂದು ನಳದ ಹತ್ತಿರ ಹೊಗಳಿಕೊಳ್ಳುತ್ತಾಳೆ. ಕೇಳಿದವರು ನಗು ನುಂಗಿಕೊಂಡು ಹೂಂಗುಡುತ್ತಾರೆ. ಕೈ ಯಾವಾಗ ಊರಿಗೆ ಒಗ್ಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಕೆಲವರಿಗೆ ಬಂದ ವರ್ಷವೇ ಒಗ್ಗುತ್ತದೆ. ನಮ್ಮ ಎದುರುಮನೆಯ ಜನ್ನತಬಿಯ ಅತ್ತೆಗೆ ಸಾಯುವ ಹಿಂದಿನ ಬೇಸಿಗೆಯಲ್ಲಿ ಒಗ್ಗಿತು. ಆ ಮುದುಕಿ ಮೊಸರಿನ ಗಡಿಗೆ ಹೊತ್ತುಕೊಂಡು ಮನೆಮನೆಗೂ ತೋರಿಸಿ ಬಂದಳು, ಕೊನೆಗೆ ಮೊಸರು ಯಾರಿಗೂ ಉಳಿಯಲಿಲ್ಲ.

ಈ ಮರ್ಯಾದೆ ಓಣಿಯದು, ಸರಕಾರದ್ದಲ್ಲ. ಹೊಳೆಯ ದಂಡೆಗೆ ಒಂದು ಕಚೇರಿ ಇದೆ, ಹೊಳೆ ಕಚೇರಿ ಎನ್ನುತ್ತೇವೆ. ಮೊಸರಾಗದ ಮನೆ ಕಣ್ಣಿಗೆ ಬಿದ್ದರೆ ಅಲ್ಲಿಯವರು ಗಂಟುಮೂಟೆ ಕಟ್ಟಿಸಿ ದೋಣಿ ಹತ್ತಿಸುತ್ತಾರೆ. ಎಲ್ಲರನ್ನೂ ಅಲ್ಲ, ಸಿಕ್ಕವರನ್ನು. ಹೋದ ವರ್ಷ ಕೆಳಗಿನ ಓಣಿಯಲ್ಲಿ ಯಾರೋ ಹಳಸಿದ ಹಾಲನ್ನು ಗಟಾರಿಗೆ ಚೆಲ್ಲಿದ್ದೇ ನೆಪವಾಗಿ ಒಂದು ಸಂಸಾರವೇ ಹೋಯಿತು. ಅಂದಿನಿಂದ ಹಳಸಿದ ಹಾಲನ್ನು ನಮ್ಮ ಮಂದಿ ಗಿಡದ ಬುಡಕ್ಕೆ ಹಾಕಿ ಮೇಲೆ ಮಣ್ಣು ಎಳೆಯುತ್ತಾರೆ.

ತುಳಸಾ ಮತ್ತು ಅವಳ ಗಂಡ ಶಿದ್ರಾಮ ಹೊಳೆಯಾಚೆಯವರು. ನನ್ನ ಹಿತ್ತಲಿನ ಖೋಲಿಗೆ ಬಾಡಿಗೆಗೆ ಬಂದಾಗ ಅವಳಿಗೆ ಏಳು ತಿಂಗಳು ತುಂಬಿತ್ತು. ಮಗಳು ಚಂಪಿ ಹುಟ್ಟಿದ್ದು ನನ್ನ ಪಡಸಾಲೆಯಲ್ಲೇ, ಜನ್ನತಬಿಯ ಕೈಯಲ್ಲಿ. ಶಿದ್ರಾಮ ಇಟ್ಟಂಗಿ ಭಟ್ಟಿಗೆ ಹೋಗುತ್ತಿದ್ದ, ತುಳಸಾ ಹಳೆ ಸೀರೆ ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಅವಳ ಕೌದಿ ಹೊದೆಯದ ಮನೆ ಓಣಿಯಲ್ಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆರು ವರ್ಷ ಬೆರಳು ಚುಚ್ಚಿಕೊಂಡು ದುಡಿದರೂ ತುಳಸಾಳ ಕೈಗೆ ಮಾತ್ರ ಮೊಸರು ಒಲಿದಿರಲಿಲ್ಲ. ಒಂದೊಂದು ಸಲ ನನಗೆ ಈ ಊರಿನ ಹಾಲಿನ ಮೇಲೆಯೇ ಸಿಟ್ಟು ಬರುತ್ತಿತ್ತು.

ಚಂಪಿಗೆ ಉಬ್ಬಸ. ಜಿನ್ನಿನ ಕಾರ್ಖಾನೆಯಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ಗಾಳಿಯಲ್ಲೆಲ್ಲ ಅರಳೆಯ ಎಳೆ ಹಾರಾಡುತ್ತದೆ, ಕೂಸಿನ ಎದೆ ಹಳೆ ತಿದಿಯ ಹಾಗೆ ಏದುತ್ತದೆ. ಮನೆಮದ್ದು ಮಾಡಿದ್ದಾಯಿತು, ಅಂತ್ರ ಕಟ್ಟಿಸಿದ್ದಾಯಿತು, ಸಂತೆಯಲ್ಲಿ ಕೂಡುವ ಕಂಪೌಂಡರನ ಕೆಂಪು ನೀರು ಕುಡಿಸಿದ್ದಾಯಿತು. ಕಡೆಗೆ ನಾನೇ ದೊಡ್ಡ ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಮೂಗಿಗೆ ಮುಚ್ಚಳ ಹಿಡಿದು ಔಷಧದ ಹಬೆ ಕೊಟ್ಟರು, ಕೂಸು ಗಳಿಗೆಯಲ್ಲಿ ತಿಳಿಯಾಯಿತು. ಡಾಕ್ಟರಮ್ಮ ಮಾತ್ರ ಸ್ಪಷ್ಟವಾಗಿ ಹೇಳಿದಳು: ಇದು ಒಂದು ದಿನದ ಮಾತಲ್ಲ, ದಿನಾ ಉಸಿರಿನೊಳಗೆ ಎಳೆಯುವ ಔಷಧ ಬೇಕು, ಇಲ್ಲದಿದ್ದರೆ ಮುಂದಿನ ಹತ್ತಿಯ ಕಾಲ ಈ ಎದೆ ತಡೆಯಲಾರದು, ಔಷಧ ಪುಕ್ಕಟೆಯೇ, ಆದರೆ ಈ ಊರಿನವರು ಎಂಬ ಚೀಟಿ ತರಬೇಕು.

ಚೀಟಿ ಕೊಡುವ ಕಚೇರಿ ಬೇರೆ, ಹೊಳೆ ಕಚೇರಿ ಬೇರೆ. ಆದರೆ ಹೆದರಿದವರಿಗೆ ಎಲ್ಲ ಕಚೇರಿಯೂ ಒಂದೇ. ಚೀಟಿ ಬೇಕೆಂದರೆ ಒಂದು ಬಟ್ಟಲು ಮೊಸರು ಒಪ್ಪಿಸಬೇಕು. ಅದನ್ನು ಗುಂಡೇರಾಯರು ಎಂಬ ಅಧಿಕಾರಿ ರುಚಿ ನೋಡಿ ಸಿಕ್ಕಾ ಒತ್ತುತ್ತಾರೆ.

"ನಡಿ ಬೇ ತುಳಸಾ, ಹೋಗಿ ಬರೂಣು," ಎಂದೆ ನಾನು.

"ಬಟ್ಟಲಾ ಕೇಳ್ತಾರ್ರಿ ಅಕ್ಕಾರ," ಎಂದಳು ಅವಳು, ಸೂಜಿಯಿಂದ ಕಣ್ಣು ಎತ್ತದೆ. "ಬಟ್ಟಲಾ ತುಂಬ ಹಾಲು ಒಯ್ದು, ನಮ್ಮನ್ನ ದೋಣಿ ಹತ್ತಸ್ರಿ ಅಂತ ನಾನ ಹೇಳಿ ಬರ್ಲೇನು?"

"ಕೂಸಿನ ಎದಿ ನೋಡು."

"ನೋಡಾಕತ್ತೇನ್ರಿ. ದಿನಾ ಅದನ್ನ ನೋಡಾಕತ್ತೇನಿ. ದೋಣಿ ಹತ್ತಿಸಿದ್ರ ಆಚೀ ದಂಡಿಗೆ ಯಾವ ಆಸ್ಪತ್ರಿ ಐತ್ರಿ? ಅಲ್ಲಿ ಏನಾರ ಇದ್ದಿದ್ರ ನಾವು ಇಲ್ಲಿ ಯಾಕ ಬರ್ತಿದ್ವಿ?"

ನಾನು ಎದ್ದು ಎಮ್ಮೆಗೆ ಮೇವು ಹಾಕಲು ಹೋದೆ. ಮಾತಿನ ನಡುವೆ ಎದ್ದು ಹೋಗುವವಳಲ್ಲ ನಾನು, ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ.

ಒಂದು ವಾರ ಕಳೆದಿರಬೇಕು. ನಡುಮಧ್ಯಾಹ್ನ ಚಂಪಿ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದವಳು ಇದ್ದಕ್ಕಿದ್ದಂತೆ ಕುಕ್ಕರಿಸಿದಳು. ತುಟಿ ನೀಲಿಗಟ್ಟಿತು. ತುಳಸಾ ಅವಳನ್ನು ಎದೆಗೊತ್ತಿಕೊಂಡು ಅಂಗಳದ ತುಂಬ ಓಡಾಡಿದಳು, ಓಡಾಡಿದರೆ ಗಾಳಿ ಸಿಗುತ್ತದೇನೋ ಎಂಬಂತೆ. ಅಂದು ಹೇಗೋ ಉಸಿರು ತಿರುಗಿತು. ತಿರುಗಿದ ಮೇಲೆ ತುಳಸಾ ನನ್ನ ಮುಂದೆ ಬಂದು ನಿಂತು, "ಬಟ್ಟಲಾ ಒಯ್ಯೂಣ್ರಿ ಅಕ್ಕಾರ," ಎಂದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು; ಹಾಗೊಂದು ಉಪಾಯ ನಾನೇ ತೆಗೆದೆ. ಹಾಲು ನನ್ನದು, ಬಟ್ಟಲು ತುಳಸಾಳದು. ಹೆಪ್ಪು ಬಿಡುವುದು ನಾನು, ಒಪ್ಪಿಸುವುದು ಅವಳು. ಮೊಸರಿಗೇನು ಬಾಯಿ ಇದೆಯೇ, ನಾನು ಇಂಥವಳ ಕೈಯದು ಎಂದು ಹೇಳಲಿಕ್ಕೆ? ಅಂದು ಸಂಜೆ ಬೆಚ್ಚನೆಯ ಹಾಲಿಗೆ ಒಂದು ಚಮಚ ಹೆಪ್ಪು ಬಿಟ್ಟು, ಅವಳ ಖೋಲಿಯ ಮೂಲೆಯಲ್ಲಿ ಮುಚ್ಚಿಟ್ಟು ಬಂದೆ.

ಆ ಬಟ್ಟಲಿನ ಸುದ್ದಿ ಓಣಿಗೆ ತಿಳಿಯಲು ಹೊತ್ತು ಬೇಕಾಗಲಿಲ್ಲ; ನಾನು ಮಾಡದೇ ಹೋದ ಕೆಲಸವೆಂದರೆ ಅವರ ಬಾಯಿ ಮುಚ್ಚಿಸುವುದಲ್ಲ, ಕೈ ಕಟ್ಟಿಹಾಕುವುದು. ಕೂಸನ್ನು ನೋಡುವ ನೆಪದಲ್ಲಿ ಜನ್ನತಬಿ ಬಂದಳು. ಬಸಲಿಂಗಿಯ, ಅಂದರೆ ನನ್ನ, ಕೈ ಈಚೆಗೆ ಸಡಿಲಾಗಿದೆ ಎಂದುಕೊಂಡು, ತುಳಸಾ ನೀರಿಗೆ ಹೋದಾಗ ತನ್ನದೂ ಒಂದು ಚಮಚ ಬಿಟ್ಟಳು. ಕೌದಿ ಕೇಳಲು ಬಂದ ಮಾಸ್ತರರ ಸೊಸೆ, ಅತ್ತ ಇತ್ತ ನೋಡಿ, ತಾನೂ ಬಿಟ್ಟಳು. ಕಡೆಗೆ ಹಿಟ್ಟಿನ ಗಿರಣಿಯ ಈರಣ್ಣ, ಜೀವಮಾನದಲ್ಲಿ ಅಡುಗೆಮನೆಗೆ ಕಾಲಿಡದ ಗಂಡಸು, ಅಂಗಿಯ ಕಿಸೆಯಲ್ಲಿ ಎಲೆಯ ದೊನ್ನೆ ಇಟ್ಟುಕೊಂಡು ಬಂದು, ಬೆರಳಲ್ಲೇ ಕದಡಿ ಹೋದ. ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿಲ್ಲ. ಪ್ರತಿಯೊಬ್ಬರೂ ಆ ದಿನ ತಾವೊಬ್ಬರೇ ಪುಣ್ಯವಂತರು ಎಂದುಕೊಂಡು ನಿದ್ದೆ ಹೋದರು. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಗುಂಡೇರಾಯರು ಊರವರ ಮೊಸರು ತಿಂದು ತಿಂದೇ ದುಂಡಗಾದ ಮನುಷ್ಯ. ಮಾತು ಒರಟು, ನಾಲಿಗೆ ಮಾತ್ರ ಅಕ್ಕಸಾಲಿಯ ತಕ್ಕಡಿ. ಮರುದಿನ ನಾನೂ ಜೊತೆಗೆ ಹೋದೆ. ತುಳಸಾ ಬಟ್ಟಲನ್ನು ಅವರ ಮೇಜಿನ ಮೇಲಿಟ್ಟು ಹಿಂದೆ ಸರಿದಳು, ಚಂಪಿ ಅವಳ ಸೆರಗು ಹಿಡಿದು ನಿಂತಳು. ರಾಯರು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದವರು ಮುಖವನ್ನೆಲ್ಲ ಹಿಂಡಿಕೊಂಡರು.

"ಅಬ್ಬಬ್ಬ, ಹುಣಸಿಹಣ್ಣು ಸೈತ ಇಷ್ಟು ಹುಳಿ ಇರೂದಿಲ್ಲ," ಎಂದರು. ಮತ್ತೊಂದು ಚಮಚ ತೆಗೆದುಕೊಂಡರು. "ಇದು ಎಮ್ಮಿ ಬಸಲಿಂಗವ್ವನ ಕೈ. ಇದು ಜನ್ನತಬೀದು. ಇದು ಮಾಸ್ತರ ಮನೀದು." ನಾಲಿಗೆಯನ್ನು ಹಲ್ಲಿಗೆ ಸವರಿಕೊಂಡರು. "ಗಿರಣಿ ಈರಣ್ಣನ ಕೈ ಇದರಾಗ ಯಾಕ ಬಂತು? ಹಿಟ್ಟು ಹತ್ತೇದ! ಅರ್ಜಿ ಹಾಕವರು ನೀವೊಬ್ರೋ, ಇಡೀ ಓಣಿನೋ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ನನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಈ ಪುಣ್ಯಾತ್ಮರೆಲ್ಲ ಕೈಯಾಡಿಸಿದ್ದು ನನಗೆ ಗೊತ್ತಾದದ್ದೇ ಆಗ. ನಗು ಬರುವ ಹೊತ್ತಲ್ಲ ಅದು. ತುಳಸಾಳ ಕಣ್ಣು ಬಾಗಿಲ ಕಡೆಗಿತ್ತು. ಚಂಪಿಯನ್ನು ಎತ್ತಿಕೊಂಡು ಓಡಿದರೆ ಎಷ್ಟು ದೂರ ಹೋದೇನು ಎಂದು ಅಳೆಯುತ್ತಿದ್ದಳು.

ರಾಯರು ಚಮಚ ಕೆಳಗಿಟ್ಟರು. "ಚೀಟಿ ಯಾರಿಗೆ ಬೇಕು?"

"ಕೂಸಿಗ್ರಿ," ಎಂದೆ ನಾನು. "ಉಬ್ಬಸ ಐತ್ರಿ ಅದಕ."

"ಕೂಸಿಗೆ ಬೇಕಂದ್ರ ಇದರಾಗ ಕೂಸಿನ ಕೈ ಎಲ್ಲದ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹೆಪ್ಪು ಎಂದರೆ ಮನೆಯ ಹೆಂಗಸಿನ ಕೆಲಸ, ಮನೆಯ ಮೊಸರು ಎಂದರೆ ಮನೆಯೊಡತಿಯ ಕೈ. ನಮ್ಮ ಊರಲ್ಲಿ ಹುಟ್ಟಿದ ಯಾವ ಹೆಣ್ಣೂ ಬೇರೆ ಥರ ಯೋಚಿಸಲಾರಳು. ಸಾಲದ್ದಕ್ಕೆ ಉಬ್ಬಸದ ಕೂಸಿಗೆ ಮೊಸರಿನ ಗಾಳಿಯೂ ತಾಗಬಾರದು ಎಂದು ಚಂಪಿಯನ್ನು ಗಡಿಗೆಯ ಹತ್ತಿರ ಕೂಡ ನಾವು ಬಿಟ್ಟಿರಲಿಲ್ಲ. ಆ ಕೂಸಿನ ಕೈಯಲ್ಲಿ ಮೊಸರಾಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ನಮ್ಮ ಕನಸಿನಲ್ಲೂ ಸುಳಿದಿರಲಿಲ್ಲ.

"ಯಾರಿಗೆ ಚೀಟಿ ಬೇಕೋ ಅವರ ಕೈ ಅಷ್ಟ ನಾ ಕೇಳೂದು," ಎಂದರು ರಾಯರು. "ತಾಯಿಗೆ ಚೀಟಿ ಬೇಕೇನು?"

"ಬ್ಯಾಡ್ರಿ," ಎಂದಳು ತುಳಸಾ.

"ಬ್ಯಾಡಂದ್ರ ತಾಯಿ ಕೈ ಕಟಗೊಂಡು ನಾ ಏನ್ ಮಾಡ್ಲಿ? ಕೂಸಿಗೆ ತಾಯಿ ಅಂತ ನಿನ್ನ ಹೆಸರು ಬರ್ಕೋತೀನಿ. ಕೈ ಕೇಳೂದಿಲ್ಲ. ಆದ್ರ ಒಂದು ಮಾತು ಇಬ್ಬರೂ ಕೇಳ್ರಿ." ಧ್ವನಿ ಗಡುಸಾಯಿತು. "ಒಬ್ಬರ ಕೈ ಇನ್ನೊಬ್ಬರದು ಅಂತ ತಂದು ಒಪ್ಪಸೂದು ದೊಡ್ಡ ತಪ್ಪು. ಅದನ್ನ ನಾ ಬರದ್ರ ಖರೇನ ಹೊಳಿ ಕಚೇರಿ ಮಾತಾಗ್ತದ. ಕೇಳದೇ ಇದ್ದಿದ್ದಕ್ಕ ಸುಮ್ಮನಿರ್ರಿ, ಸುಳ್ಳು ಮಾತ್ರ ಹೇಳಬ್ಯಾಡ್ರಿ." ಎದ್ದು ಹೋಗಿ ನಮ್ಮ ಹುಳಿ ಮೊಸರನ್ನು ಕಿಟಕಿಯ ಹೊರಗೆ ಚೆಲ್ಲಿದರು. "ಇದನ್ನ ನೀವು ತಂದಿಲ್ಲ, ನಾ ತಿಂದಿಲ್ಲ."

ತುಳಸಾ ಒಣತುಟಿ ಸವರಿಕೊಂಡು ಕೇಳಿದಳು: "ಹೊಳಿ ಕಚೇರಿಯವರು ಬಂದು ಕೇಳಿದ್ರ, ಸಾಹೇಬ್ರ?"

"ಅವರ ಮನಸ್ಸಿನಾಗ ಏನದ ಅಂತ ನಾ ಹೇಳಲಾರೆ, ತಂಗಿ. ನನ್ನ ಕಚೇರಿ ಮಾತಷ್ಟ ನಾ ಹೇಳಬಲ್ಲೆ. ಇಲ್ಲಿ ಕೇಳದ ಕೈ ಇಲ್ಲಿ ಬರ್ಕೊಳ್ಳೂದಿಲ್ಲ. ಬರ್ಕೊಳ್ಳದ್ದನ್ನ ನಾ ಯಾರಿಗೆ ತೋರಿಸ್ಲಿ?"

ಎದುರಿನ ಚಹಾದಂಗಡಿಯಿಂದ ನಾನೇ ಬೆಚ್ಚನೆಯ ಹಾಲು ತಂದೆ. ಹೆಪ್ಪಿಗೆ ಏನು ಮಾಡುವುದು? ರಾಯರು ಬೈದುಕೊಳ್ಳುತ್ತಲೇ ತಮ್ಮ ಊಟದ ಡಬ್ಬಿ ತೆರೆದು, ಹೆಂಡತಿ ಕಟ್ಟಿಕೊಟ್ಟ ಮೊಸರಿನ ಪುಟ್ಟ ಡಬ್ಬಿಯನ್ನು ಚಂಪಿಯ ಮುಂದೆ ಹಿಡಿದರು. ಚಂಪಿ ಅವ್ವನ ಮುಖ ನೋಡಿದಳು. ಅವಳ ಪಾಲಿಗೆ ಅದು ಮುಟ್ಟಿದರೆ ಪೆಟ್ಟು ಬೀಳುವ ವಸ್ತು.

"ಮುಟ್ಟವ್ವಾ," ಎಂದಳು ತುಳಸಾ.

ಚಂಪಿ ಬೆರಳು ಅದ್ದಿ, "ಜಿಗಿ ಜಿಗಿ ಐತಿ!" ಎಂದು ಕಿಲಕಿಲ ನಕ್ಕಳು. ಬೆರಳನ್ನು ಹಾಲಿನಲ್ಲಿ ಆಡಿಸಿದಳು, ಸಾಕು ಎಂದರೂ ಬಿಡಲಿಲ್ಲ. ರಾಯರು ಬಟ್ಟಲನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಆ ಕೀಲಿಯನ್ನು ತಮ್ಮ ಉಡದಾರಕ್ಕೆ ಕಟ್ಟಿಕೊಂಡರು. ನಾಳೆ ಬೆಳಿಗ್ಗೆ ಬನ್ನಿ ಎಂದರು.

ದಾರಿಯಲ್ಲಿ ನಾನು ಗೆದ್ದವಳ ಹಾಗೆ ನಡೆಯುತ್ತಿದ್ದೆ. ತುಳಸಾ ಹಾಗಿರಲಿಲ್ಲ.

"ಇನ್ನೇನು ಬೇ? ಕೂಸು ಹುಟ್ಟಿದ್ದು ನನ್ನ ಪಡಸಾಲ್ಯಾಗ. ಈ ಊರಿಂದ ಅದು."

"ಹುಟ್ಟಿದ್ದು ಇಲ್ಲೇರಿ ಅಕ್ಕಾರ," ಎಂದಳು ಅವಳು. "ಆದ್ರ ಕುಡದಿದ್ದು ನನ್ನ ಹಾಲು."

ನನ್ನ ಕಾಲೇ ನಿಂತುಬಿಟ್ಟಿತು. ಅದೂ ನಿಜವೇ ಅಲ್ಲವೇ ಎನಿಸಿ, ಹಾಗೆನಿಸಿದ್ದಕ್ಕೆ ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು.

ಓಣಿಗೆ ಕಾಲಿಟ್ಟ ಕೂಡಲೇ ನಾನು ಜನ್ನತಬಿಯನ್ನೂ ಈರಣ್ಣನನ್ನೂ ಹಿಡಿದು ಬೈದೆ. "ನೀ ಹಾಕಬಹುದು, ನಾವು ಹಾಕಬಾರದೇನು?" ಎಂದು ಜನ್ನತಬಿ ತಿರುಗಿ ಬೈದಳು. ಬೈದಾಡಿ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತೆವು. ಹಿತ್ತಲಲ್ಲಿ ಶಿದ್ರಾಮ ಎರಡು ಗಂಟು ಕಟ್ಟುತ್ತಿದ್ದುದು ಕಾಣುತ್ತಿತ್ತು. ಮೊಸರಾಗದಿದ್ದರೆ ಹೊಳೆ ಕಚೇರಿಯವರು ಬರುವ ಮೊದಲೇ ಬೇರೆ ಕಡೆ ಹೋಗಿಬಿಡುವುದು ಎಂದು ಗಂಡಹೆಂಡತಿ ನಿಶ್ಚಯಿಸಿದ್ದರು. ಹೊಲಿಗೆ ಮುಗಿಯದ ಕೌದಿಗಳನ್ನು ತುಳಸಾ ತಂದು ನನ್ನ ಕೈಗಿಟ್ಟು, ಯಾರದು ಯಾವುದು ಎಂದು ಹೇಳಿಕೊಟ್ಟಳು.

ಬೆಳಿಗ್ಗೆ ನಾವು ಹೋದಾಗ ರಾಯರು ಬಂದಿರಲಿಲ್ಲ. ತಡವಾಗಿ ಬಂದವರು ಮೊದಲು ಕುರ್ಚಿ ಒರೆಸಿಕೊಂಡರು, ದೇವರ ಪಟಕ್ಕೆ ಕೈಮುಗಿದರು, ಕನ್ನಡಕ ಹುಡುಕಿದರು. ಆ ಮನುಷ್ಯನ ಜುಟ್ಟು ಹಿಡಿದು ಕಪಾಟಿನ ಮುಂದೆ ನಿಲ್ಲಿಸಬೇಕು ಎನಿಸಿತು ನನಗೆ. ಕೊನೆಗೂ ಕೀಲಿ ತಿರುಗಿತು. ಬಟ್ಟಲನ್ನು ಮೇಜಿನ ಮೇಲಿಟ್ಟು ಮುಚ್ಚಿದ್ದ ತಟ್ಟೆ ತೆಗೆದರು. ತುಳಸಾ ನೋಡಲಿಲ್ಲ, ಅವಳು ನನ್ನ ರಟ್ಟೆ ಹಿಡಿದು ಗೋಡೆಗೆ ಮುಖ ಮಾಡಿದ್ದಳು.

ರಾಯರು ಬಟ್ಟಲನ್ನು ಒಂದು ಕಡೆಗೆ ವಾಲಿಸಿದರು. ಏನೂ ಚೆಲ್ಲಲಿಲ್ಲ.

ಚಂಪಿ ಮೇಜಿನ ಅಂಚಿಗೆ ಗದ್ದ ಊರಿ ಇಣುಕಿದಳು. "ಯವ್ವಾ, ಹಾಲು ಎಲ್ಲಿ ಹೋತು?" ಎಂದಳು.

ಆಗ ತುಳಸಾ ತಿರುಗಿದಳು. ಬೆಳ್ಳಗೆ, ಗಟ್ಟಿಯಾಗಿ, ಮೇಲೆ ತೆಳುವಾದ ಕೆನೆ ಕಟ್ಟಿಕೊಂಡು ಮೊಸರು ಕೂತಿತ್ತು. ಮಗುವಿನ ಬೆರಳು ಆಡಿದ ಜಾಗದಲ್ಲಿ ಸಣ್ಣದೊಂದು ಸುಳಿಯಿತ್ತು. ರಾಯರು ಒಂದು ಚಮಚ ಬಾಯಿಗಿಟ್ಟು ಚಪ್ಪರಿಸಿದರು. ಆಮೇಲೆ ಎರಡನೆಯ ಚಮಚವನ್ನೂ ತಿಂದರು. ಅದು ಕೆಲಸಕ್ಕೆ ಬೇಕಾಗಿರಲಿಲ್ಲ, ಬಾಯಿಗೆ ಬೇಕಾಗಿತ್ತು.

"ಎಳೇ ಕೈ," ಎಂದರು. "ನಾ ಹಿಂದ ಎಂದೂ ತಿಂದ ರುಚಿ ಅಲ್ಲ. ಹುಳಿ ಇನ್ನೂ ಹತ್ತಿಲ್ಲ ಇದಕ." ಚೀಟಿ ಬರೆದರು. ತಾಯಿಯ ಹೆಸರು ಕೇಳಿ ಬರೆದರು, ಅದರ ಮುಂದೆ ಕೈಯ ರುಚಿ ಬರೆಯುವ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದರು, ಸಿಕ್ಕಾ ಒತ್ತಿದರು. ಇಷ್ಟೇ. ಈ ಇಷ್ಟಕ್ಕಾಗಿ ಒಂದು ಇಡೀ ಹತ್ತಿಯ ಕಾಲ ಆ ಕೂಸು ಉಸಿರಿಗಾಗಿ ಒದ್ದಾಡಿತ್ತು.

ತುಳಸಾ ಚೀಟಿಯನ್ನು ಕಣ್ಣಿಗೊತ್ತಿಕೊಂಡು, ಚಂಪಿಯನ್ನು ಕಂಕುಳಿಗೆ ಏರಿಸಿ, ಆ ಮನುಷ್ಯ ಮನಸ್ಸು ಬದಲಿಸುವ ಮೊದಲೇ ಹೊರಬೀಳಬೇಕು ಎಂಬಂತೆ ಹೊರಟಳು. ಹೊಸ್ತಿಲ ಹತ್ತಿರ ಇದ್ದೆವು.

"ಏ ಕೌದಿಯಾಕಿ, ನಿಂದ್ರು!"

ಅವಳು ನಿಂತಳು. ರಾಯರು ಕುರ್ಚಿಯಿಂದ ಪ್ರಯಾಸಪಟ್ಟು ಎದ್ದು, ಬಟ್ಟಲನ್ನು ಹಿಡಿದುಕೊಂಡು ಬಂದರು.

"ಇದನ್ನ ಯಾಕ ಬಿಟ್ಟು ಹೊಂಟಿ? ಇಲ್ಲಿ ಇಟ್ಟುಕೊಳ್ಳೂ ಪದ್ಧತಿ ಇಲ್ಲ. ನಿಮ್ಮ ಮನೀ ಮೊಸರು, ನಿಮ್ಮ ಮನಿಗೆ ಒಯ್ರಿ."

ನಿಮ್ಮ ಮನೆಯ ಮೊಸರು. ಆ ಮಾತನ್ನು ಆರು ವರ್ಷದಲ್ಲಿ ತುಳಸಾಳಿಗೆ ಯಾರೂ ಅಂದಿರಲಿಲ್ಲ. ನಾನೂ ಅಂದಿರಲಿಲ್ಲ, ಅನ್ನುವ ಹಾಗಿರಲಿಲ್ಲ. ಅವಳು ಬಟ್ಟಲು ಇಸಿದುಕೊಂಡು ಎರಡು ಮೆಟ್ಟಿಲು ಇಳಿದು, ಮೂರನೆಯದರ ಮೇಲೆ ಕುಸಿದು ಕೂತಳು. ಸಂತೆಯ ದಿನ. ಎದುರಿಗೆ ಗಾಡಿಗಳು, ಕೊತ್ತಂಬರಿ ಮಾರುವವರು, ಹೊಳೆ ಕಚೇರಿಯ ಖಾಕಿ ಅಂಗಿಯವನೊಬ್ಬ ಚಹಾ ಕುಡಿಯುತ್ತ ನಿಂತಿದ್ದ. ಅವಳು ಸೆರಗು ಮುಚ್ಚಲಿಲ್ಲ. ನಾಲ್ಕು ಬೆರಳಿನಿಂದ ಮೊಸರು ತೆಗೆದು ತೆಗೆದು ಉಂಡಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನಾನೂ ಅತ್ತೆ, ಮುಚ್ಚುಮರೆ ಯಾತಕ್ಕೆ.

"ನನಗೂ," ಎಂದಳು ಚಂಪಿ.

"ನಿನಗ ಉಬ್ಬಸ ಐತಿ, ಬ್ಯಾಡ."

"ನಾ ಮಾಡೇನಿ!"

"ಹೌದು ನನ್ನವ್ವಾ, ನೀನ ಮಾಡಿದಿ," ಎಂದಳು ತುಳಸಾ. "ನೀ ಮಾಡಿದಿ, ನಾ ಉಣ್ಣಾಕತ್ತೇನಿ."

ಮನೆಗೆ ಹೋಗಿ ಮುಖ ತೊಳೆದುಕೊಂಡು ಆಸ್ಪತ್ರೆಗೆ ಹೋಗೋಣ ಎಂದೆ. ಕೇಳಲಿಲ್ಲ. ಬಾಯಿಗೆ ಮೊಸರು ಮೆತ್ತಿಕೊಂಡಿದ್ದ ಹಾಗೆಯೇ, ಕೂಸನ್ನು ಎತ್ತಿಕೊಂಡು, ಖಾಕಿ ಅಂಗಿಯವನ ಮುಂದಿನಿಂದಲೇ ಅವಳು ಆಸ್ಪತ್ರೆಯ ಹಾದಿ ಹಿಡಿದಳು.